ದ್ವಿಚಕ್ರ ವಾಹನದ ಪೆಟ್ರೋಲ್ ಟ್ಯಾಂಕಿಗೆ ಕಸ, ನೀರು ಸೇರದಂತೆ ವಹಿಸಬೇಕಾದ ಎಚ್ಚರ

ಗ್ರಾಮ ಪಂಚಾಯತಿಯ ನೀರುಗಂಟಿ, ಕರ ವಸೂಲಿಗಾರ ಹಾಗೂ ಸದಸ್ಯರಲ್ಲಿ ಅನೇಕರು ಸ್ವಂತ ಮೋಟಾರ್ ಸೈಕಲ್ಲಿನಲ್ಲೇ ಗ್ರಾಮಗಳನ್ನು ಸುತ್ತುತ್ತಾರೆ. ನೀರುಗಂಟಿಯ ವಾಹನ ನಸುಕಿನಲ್ಲಿ ದಾರಿಯಲ್ಲೇ ನಿಂತರೆ ಆ ದಿನ ಊರಿನ ನಲ್ಲಿಗಳಿಗೆ ನೀರು ಬರುವುದೇ ತಡವಾಗುತ್ತದೆ. ವಾಹನ ಹೀಗೆ ಕೈಕೊಡಲು ಇರುವ ಕಾರಣಗಳಲ್ಲಿ ಪೆಟ್ರೋಲಿನೊಂದಿಗೆ ಸೇರುವ ಕಸವೂ ಒಂದು. ಇದನ್ನು ಖರ್ಚಿಲ್ಲದೆ ಬಹುಮಟ್ಟಿಗೆ ತಡೆಯಬಹುದಾಗಿದೆ.

ಕಸವೆಂದರೆ ಹೊರಗಿನ ಧೂಳು ಮಾತ್ರವಲ್ಲ. ಹಳೆಯ ವಾಹನಗಳಲ್ಲಿ ಟ್ಯಾಂಕಿನೊಳಗೇ ಹುಟ್ಟುವ ತುಕ್ಕು ಹೆಚ್ಚು ತೊಂದರೆ ಕೊಡುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿರುವ ತೇವದ ಗಾಳಿ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣದ್ದು. ನೀರಿನ ಅಂಶ ಮಿತಿ ಮೀರಿದಾಗ ಇವೆರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗೆ ನಿಲ್ಲುತ್ತವೆ. ಆದಕಾರಣ ಮಳೆಗಾಲದಲ್ಲಿ ವಾಹನವನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕನ್ನು ತುಂಬಿಸಿಡುವುದು ಲೇಸು.

ಹಲವು ಮಾದರಿಗಳಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತ ಬೀಳುವ ಮಳೆನೀರು ಹರಿದುಹೋಗಲು ಸಣ್ಣ ರಂಧ್ರವೊಂದಿರುತ್ತದೆ. ಮುಚ್ಚಳ ತೆರೆದರೆ ಮಾತ್ರ ಕಾಣುವ ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮಣ್ಣು ಕಟ್ಟಿ ಅದು ಮುಚ್ಚಿಹೋದರೆ ನಿಂತ ನೀರು, ಮುಚ್ಚಳ ತೆಗೆದ ಕೂಡಲೇ ಟ್ಯಾಂಕಿಗಿಳಿಯುತ್ತದೆ. ಮುಂಗಾರಿಗೆ ಮುನ್ನ ಒಮ್ಮೆ ಇದನ್ನು ಶುಚಿಗೊಳಿಸಿ, ಮುಚ್ಚಳದ ರಬ್ಬರ್ ಸವೆದಿದ್ದರೆ ಬದಲಿಸತಕ್ಕದ್ದು.

ಗ್ರಾಮಗಳ ಅಂಗಡಿಗಳಲ್ಲಿ ಬಾಟಲಿಯಲ್ಲಿ ಮಾರುವ ಪೆಟ್ರೋಲಿನಲ್ಲಿ ಬಾಟಲಿಯ ಹಳೆಯ ತೇವ, ಮಡ್ಡಿ ಸೇರಿರುವ ಸಂಭವವುಂಟು. ಮಾರಾಟಕ್ಕಾಗಿ ಪೆಟ್ರೋಲ್ ಸಂಗ್ರಹಿಸಲು ಪೆಟ್ರೋಲಿಯಂ ಕಾಯ್ದೆ, 1934ರ ಮೇರೆಗೆ ಪರವಾನಗಿ ಬೇಕೆಂಬುದೂ, ಮನೆಯಂಗಡಿಯಲ್ಲಿಟ್ಟ ಪೆಟ್ರೋಲ್ ಬೆಂಕಿ ಅನಾಹುತಕ್ಕೆ ದಾರಿಯೆಂಬುದೂ ಸದಸ್ಯರ ಗಮನದಲ್ಲಿರಲಿ. ಅನಿವಾರ್ಯವಾಗಿ ಡಬ್ಬಿಯಿಂದ ಹಾಕುವಾಗ ಸಣ್ಣ ಜಾಲರಿಯುಳ್ಳ ಒಣಗಿದ ಆಲಿಕೆಯನ್ನೇ ಬಳಸಬೇಕು. ಬಟ್ಟೆಯಲ್ಲಿ ಸೋಸಿದರೆ ಅದರ ನೂಲೆಳೆಯೇ ಒಳಗೆ ಹೋಗುತ್ತದೆ.

ಕಾರ್ಬೊರೇಟರಿನ ಚಿಕ್ಕ ಜೆಟ್‌ನ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಅದರಲ್ಲಿ ಒಂದು ಕಣ ಸಿಕ್ಕಿಕೊಂಡರೂ ಎಂಜಿನ್ ನಿಧಾನಗತಿಯಲ್ಲಿ ನಿಲ್ಲದೆ ಆರುತ್ತದೆ, ಚೋಕ್ ಎಳೆದರಷ್ಟೇ ಓಡುತ್ತದೆ. ಸೂಜಿ ಅಥವಾ ತಂತಿಯಿಂದ ಅದನ್ನು ಚುಚ್ಚುವ ರೂಢಿ ತಪ್ಪು: ರಂಧ್ರ ಹಿಗ್ಗಿ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ಗಾಳಿಯ ಒತ್ತಡದಿಂದ ಶುಚಿಗೊಳಿಸುವಂತೆ ಮೆಕ್ಯಾನಿಕ್‌ಗೆ ತಿಳಿಸಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳಲ್ಲಿ ಹೆಚ್ಚಿನವುಗಳಿಗೆ ಕಾರ್ಬೊರೇಟರ್ ಬದಲು ಪಂಪ್ ಹಾಗೂ ಇಂಜೆಕ್ಟರ್ ಇವೆ. ಇವು ಕೆಟ್ಟರೆ ವೆಚ್ಚ ಹೆಚ್ಚು. ರಸ್ತೆಬದಿಯಲ್ಲಿ ರಿಪೇರಿಯೂ ಕಷ್ಟ.

ಕಾರ್ಬೊರೇಟರ್ ವಾಹನದ ಪೈಪಿನಲ್ಲಿ ಕಾಗದದ ಫಿಲ್ಟರ್ ಇದ್ದರೆ ಅದನ್ನು ತೊಳೆದು ಮರಳಿ ಹಾಕದೆ ಬದಲಿಸಬೇಕು. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ. ಸದಾ ರಿಸರ್ವ್‌ನಲ್ಲೇ ಓಡಿಸುವುದೂ ತಳದ ಮಡ್ಡಿಯನ್ನು ಎಳೆದುಕೊಳ್ಳುತ್ತದೆ. ಅನುಮಾನವಿದ್ದಲ್ಲಿ, ಎಂಜಿನ್ ತಣಿದ ಮೇಲೆ, ಬೆಂಕಿಯಿಂದ ದೂರದಲ್ಲಿ, ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಬಹುದು. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ಕಾಣುತ್ತದೆ. ಆ ಪೆಟ್ರೋಲನ್ನು ಚರಂಡಿಗೆ ಅಥವಾ ಬಾವಿಯ ಹತ್ತಿರ ಸುರಿಯಕೂಡದು.

ಇನ್ನೊಂದು ವಿಷಯ: ಕೆಲವು ಕಿಲೋಮೀಟರ್ ಓಡಿದ ಬಳಿಕ ನಿಂತ ವಾಹನ, ಟ್ಯಾಂಕಿನ ಮುಚ್ಚಳ ತೆರೆದು ಮುಚ್ಚಿದೊಡನೆ ಮತ್ತೆ ಚಾಲೂ ಆದರೆ, ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರ ಕಟ್ಟಿರುವ ಸಂಭವವೇ ಹೆಚ್ಚು. ಕಾರ್ಬೊರೇಟರ್ ಬಿಚ್ಚಿಸುವ ಮೊದಲು ಇದನ್ನು ಪರೀಕ್ಷಿಸುವುದು.