ಹವ್ಯಾಸಿ ಉಪಗ್ರಹಗಳೂ ಅವುಗಳ ತರಂಗ ನಿಯಮಗಳೂ

ನಮ್ಮ ಮೇಲೂರಿನ ಸುತ್ತಣ ಸೀಮೆಯು ಕೆರೆಗಳ ಸೀಮೆ. ನೀರಗಂಟಿಯು ತೂಬನ್ನೆತ್ತಿ, ಯಾವ ಗದ್ದೆಗೆ ಯಾವ ಹೊತ್ತು ನೀರೆಂದು ಸರದಿಯಿಂದ ಹಂಚುತ್ತಿದ್ದುದನ್ನು ಹಿರಿಯರು ಬಲ್ಲರು. ಒಬ್ಬನು ಸರದಿ ಮೀರಿ ಕಾಲುವೆಯನ್ನು ಒಡೆದುಕೊಂಡರೆ ಕೆಳಗಣ ಗದ್ದೆಗಳೆಲ್ಲ ಒಣಗುವುವು. ರೇಡಿಯೋ ತರಂಗಗಳ ಸ್ಥಿತಿಯೂ ಹೀಗೆಯೇ. ವಿಮಾನಗಳಿಗೂ ಹಡಗುಗಳಿಗೂ, ನಮ್ಮ ನೆರೆಯ ಗೌರಿಬಿದನೂರಿನ ಬಳಿ ಗಗನದ ಕ್ಷೀಣ ತರಂಗಗಳನ್ನು ಆಲಿಸುವ ಶಾಸ್ತ್ರಜ್ಞರಿಗೂ ಬೇಕಾದ ಸೊತ್ತು ಇದು. ಎಲ್ಲರದು, ಆದರೆ ಮಿತಿಯುಳ್ಳದ್ದು.

ಈ ಸೊತ್ತಿನಲ್ಲಿ ಹವ್ಯಾಸಿಗಳಿಗೂ ಒಂದು ಪಾಲುಂಟು. ಹಣದ ಲಾಭವನ್ನು ಬಯಸದೆ, ಕಲಿಯುವ ಆಸೆಯಿಂದ ಸ್ವಂತ ಯಂತ್ರಗಳ ಮೂಲಕ ಸಂಭಾಷಿಸುವ ಇವರನ್ನು ಹ್ಯಾಮ್‌ಗಳೆಂದು ಕರೆಯುವರು. ೧೯೬೧ನೆಯ ಡಿಸೆಂಬರ್ ೧೨ರಂದು ಅಮೆರಿಕದ ಹವ್ಯಾಸಿಗಳು ನಿರ್ಮಿಸಿದ ಆಸ್ಕರ್–೧ ಎಂಬ ಪುಟ್ಟ ಉಪಗ್ರಹವು ಆಕಾಶಕ್ಕೇರಿತು. ನಮ್ಮ ದೇಶದ ಹ್ಯಾಮ್‌ಸ್ಯಾಟ್ ಬೆಂಗಳೂರಿನಲ್ಲಿ ಸಿದ್ಧವಾಗಿ, ೨೦೦೫ನೆಯ ಮೇ ೫ರಂದು ಶ್ರೀಹರಿಕೋಟೆಯಿಂದ ಕಾರ್ಟೋಸ್ಯಾಟ್–೧ರ ಜೊತೆಯಲ್ಲಿ ಮೇಲೇರಿತು. ಅದರ ತೂಕ ೪೨.೫ ಕಿಲೋಗ್ರಾಂ. ಸಂದೇಶವನ್ನು ಕೆಳಗಿನಿಂದ ಪಡೆದು ಮರಳಿ ಭೂಮಿಗೆ ಕಳುಹಿಸುವ ಎರಡು ಯಂತ್ರಗಳು ಅದರಲ್ಲಿದ್ದುವು. ಒಂದು ಭಾರತೀಯರದು, ಇನ್ನೊಂದು ಹಾಲೆಂಡಿನ ಒಬ್ಬ ವಿದ್ಯಾರ್ಥಿಯದು.

ಇಂತಹ ಉಪಗ್ರಹಗಳಿಗೆ ಯಾವ ತರಂಗ ಸಲ್ಲತಕ್ಕದ್ದು? ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಇಲ್ಲಿ ನೀರಗಂಟಿ. ೧೪೪ರಿಂದ ೧೪೬ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯು ಲೋಕದಾದ್ಯಂತ ಹವ್ಯಾಸಿಗಳಿಗೂ ಅವರ ಉಪಗ್ರಹಗಳಿಗೂ ಮೀಸಲು. (ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಸ್ಪಂದನ.) ೪೩೫ರಿಂದ ೪೩೮ರವರೆಗಿನದು ಹಾಗಲ್ಲ, ಅಲ್ಲಿ ಬೇರೆ ಯಜಮಾನರಿರುವುದರಿಂದ, ಅವರಿಗೆ ತೊಂದರೆಯಾಗದಂತೆ ಮಾತ್ರ ಬಳಸಬಹುದು. ಹ್ಯಾಮ್‌ಸ್ಯಾಟ್ ೪೩೫.೨೨ರಿಂದ ೪೩೫.೨೮ರವರೆಗೆ ಕೇಳಿ, ೧೪೫.೮೭ರಿಂದ ೧೪೫.೯೩ರವರೆಗೆ ಮಾತಾಡುತ್ತಿತ್ತು. ಈ ಪಟ್ಟಿಗಳೊಳಗೆ ಒಂದು ಉಪಗ್ರಹವು ಇನ್ನೊಂದನ್ನು ಬಾಧಿಸದಂತೆ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಘವು ಸ್ಥಾನಗಳನ್ನು ಹೊಂದಿಸಿಕೊಡುವುದು.

ಇನ್ನೆರಡು ನಿಯಮಗಳು ಗಮನಾರ್ಹ. ಉಪಗ್ರಹದಿಂದ ಇತರರಿಗೆ ಕೇಡಾದರೆ ಅದನ್ನು ಒಡನೆಯೇ ನಿಲ್ಲಿಸಬಲ್ಲ ಭೂಕೇಂದ್ರವು ಉಡಾವಣೆಗೆ ಮುಂಚೆಯೇ ಸಿದ್ಧವಿರತಕ್ಕದ್ದು. ಅಲ್ಲದೆ, ಆ ಕೇಂದ್ರದ ಆಜ್ಞೆಗಳ ಹೊರತು ಯಾವ ಮಾತನ್ನೂ ಅರ್ಥ ಮರೆಮಾಡುವ ಗೂಢಲಿಪಿಯಲ್ಲಿ ಕಳುಹಿಸಕೂಡದು. ಹವ್ಯಾಸಿಯ ಮಾತು ಎಲ್ಲರೂ ಕೇಳಬಹುದಾದ ಮಾತು.

ಬರೆದ ನಿಯಮಕ್ಕಿಂತ ಸೂಕ್ಷ್ಮವಾದುದು ನಡತೆಯ ನಿಯಮ. ಹ್ಯಾಮ್‌ಸ್ಯಾಟಿನಂತಹ ಉಪಗ್ರಹದ ಅಲ್ಪ ಶಕ್ತಿಯನ್ನು ಏಕಕಾಲದಲ್ಲಿ ಮಾತಾಡುವವರೆಲ್ಲ ಹಂಚಿಕೊಳ್ಳಬೇಕು. ಒಬ್ಬನು ಅತಿ ಬಲದಿಂದ ಕೂಗಿದರೆ ಆ ಶಕ್ತಿಯನ್ನೆಲ್ಲ ಅವನೇ ಸೆಳೆದುಕೊಳ್ಳುವನು. ಉಳಿದವರ ದನಿ ಕುಗ್ಗಿಹೋಗುವುದು. ಉಪಗ್ರಹವು ಓಡುತ್ತಿರುವುದರಿಂದ ೪೩೫ರ ತರಂಗವು ಸುಮಾರು ಹತ್ತು ಕಿಲೋಹರ್ಟ್ಸ್‌ನಷ್ಟು ಸರಿಯುವುದೂ ಉಂಟು. ಅದನ್ನು ತಿದ್ದಿಕೊಳ್ಳದವನು ತನಗರಿವಿಲ್ಲದೆಯೇ ನೆರೆಯವನ ಸ್ಥಾನಕ್ಕೆ ನುಗ್ಗುವನು. ಆದುದರಿಂದ ತನ್ನ ದನಿಯು ಮರಳಿ ಬರುವುದನ್ನು ಕಿವಿಗೊಟ್ಟು ಕೇಳುತ್ತಲೇ, ಸಾಕಾದಷ್ಟು ಬಲವನ್ನು ಮಾತ್ರ ಬಳಸಿ ಮಾತಾಡತಕ್ಕದ್ದು.

ಎರಡು ವರ್ಷ ಬಾಳೀತೆಂದು ಎಣಿಸಿದ್ದ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ಸೇವೆಮಾಡಿ, ಬ್ಯಾಟರಿ ಸೋತು, ೨೦೧೪ನೆಯ ಜುಲೈಯಲ್ಲಿ ಮೌನವಾಯಿತು. ಉಪಗ್ರಹ ಹೋದರೂ ಕಾಲುವೆ ಉಳಿದಿದೆ. ಆದರೆ ಅದು ತಾನಾಗಿ ಉಳಿಯುವುದಿಲ್ಲ. ೨೦೧೯ರಲ್ಲಿ ೧೪೪ರಿಂದ ೧೪೬ರ ಪಟ್ಟಿಯನ್ನು ವಿಮಾನಗಳ ಬಳಕೆಗೂ ಪರಿಶೀಲಿಸಬೇಕೆಂಬ ಸಲಹೆಯು ಫ್ರಾನ್ಸಿನಿಂದ ಯೂರೋಪಿನ ಸಭೆಯಲ್ಲಿ ಬಂದಿತ್ತು. ಹವ್ಯಾಸಿಗಳು ಒಕ್ಕೊರಲಿನಿಂದ ಆಕ್ಷೇಪಿಸಲು, ಕೆಲವೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು. ಬಳಸುವವರಿಲ್ಲದ ಪಾಲನ್ನು ಕೇಳುವವರು ಬಂದೇ ಬರುವರು.

ನಮ್ಮ ದೇಶದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರಕಾರದ ಪರವಾನಗಿಯನ್ನೂ ಕರೆಹೆಸರನ್ನೂ ಪಡೆದವರು ಮಾತ್ರ ಮಾತಾಡಬಹುದು. ಹೆಣ್ಣುಮಕ್ಕಳಿಗೆ ಈ ದಾರಿಯು ಗಂಡುಮಕ್ಕಳಿಗಿರುವಷ್ಟೇ ತೆರೆದಿದೆ. ಪೋಷಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇವೆ. ಮೊದಲು ಕೇಳು, ಬಳಿಕ ಮೆಲ್ಲನೆ ಮಾತಾಡು, ನೆರೆಯವರ ಪಾಲನ್ನು ಕಾಯು ಎಂದು ಕಲಿಸುವ ವಿದ್ಯೆಯು ನಮ್ಮ ಮಕ್ಕಳಿಗೆ ಹೊರಗಿನದಲ್ಲ.