ಟರ್ಕಿ ಕೋಳಿಯೂ ಉಷ್ಣದ ಲೆಕ್ಕವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾ ಸಮರ್ಪಣೆಯ ಹಬ್ಬ. 1941ರಲ್ಲಿ ಆ ದೇಶದ ಶಾಸನಸಭೆಯೇ ಈ ದಿನವನ್ನು ಗೊತ್ತುಪಡಿಸಿತು. ನಮ್ಮ ಯುಗಾದಿಗೆ ಹೋಳಿಗೆ ಹೇಗೋ ಹಾಗೆ ಅಲ್ಲಿಯ ಹಬ್ಬದೂಟಕ್ಕೆ ಟರ್ಕಿ ಕೋಳಿ. ಬಹುಮಂದಿ ಅದನ್ನು ಅಂಗಡಿಯಿಂದ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಕೊಂಡು ತರುತ್ತಾರೆ. ಆದರೆ ಊರಾಚೆ ನಾಲ್ಕಾರು ಎಕರೆ ನೆಲವಿಟ್ಟುಕೊಂಡು, ಬೇಸಗೆಯ ಮೊದಲಲ್ಲಿ ಮರಿಗಳನ್ನು ತಂದು, ಐದಾರು ತಿಂಗಳು ಸಾಕಿ, ಹಬ್ಬಕ್ಕೆ ಮುನ್ನ ತಾವೇ ಕೊಯ್ದು ಸಿದ್ಧಪಡಿಸಿಕೊಳ್ಳುವ ಕುಟುಂಬಗಳೂ ಉಂಟು.

ಅಂತಹ ಒಂದು ಕುಟುಂಬದ ನೆರೆಯಲ್ಲಿ, ಓಹಾಯೋ ಸಂಸ್ಥಾನದಲ್ಲಿ, ನನ್ನ ಹಳೆಯ ಸಹಪಾಠಿಯೊಬ್ಬರು ವಾಸವಾಗಿದ್ದಾರೆ. ಅವರ ಕಾಗದವೇ ಈ ಲೇಖನಕ್ಕೆ ಕಾರಣ. ನೆರೆಮನೆಯ ವೃದ್ಧ ದಂಪತಿಗಳು ಐದು ಟರ್ಕಿಗಳನ್ನು ಸಾಕಿದ್ದರು. ಐದನ್ನೂ ಒಂದೇ ದಿನ ಕೊಯ್ಯುವುದೆಂದು ನಿಶ್ಚಯಿಸಿ, ಹದಿನಾರು ಕಿಲೋಗ್ರಾಮ್ ತೂಗುತ್ತಿದ್ದ ದೊಡ್ಡ ಹುಂಜವನ್ನು ಕಡೆಗೆ ಇಟ್ಟುಕೊಂಡರು. ಅದರ ಪುಕ್ಕ ಕಿತ್ತು ಮುಗಿಯುವ ವೇಳೆಗೆ ಕತ್ತಲಾಯಿತು, ಕೈಬೆರಳುಗಳು ಮರಗಟ್ಟಿದವು. ಹೊರಗೆ 3 ಡಿಗ್ರಿ ಸೆಲ್ಸಿಯಸ್ ಚಳಿ. ಈ ಚಳಿಯಲ್ಲಿ ಕೊಟ್ಟಿಗೆಯೇ ಶೀತಪೆಟ್ಟಿಗೆಯಲ್ಲವೇ ಎಂದುಕೊಂಡು, ಹೊಟ್ಟೆ ಸೀಳದೆಯೇ ಹಕ್ಕಿಯನ್ನು ತೂಗುಹಾಕಿ ಮಲಗಿದರು. ಬೆಳಗ್ಗೆ ಚರ್ಮ ಮುಟ್ಟಿದರೆ ಕೊರೆಯುವ ತಣ್ಣಗೆ; ಸೀಳಿ ನೋಡಿದರೆ ಒಳಗೆ ಕೆಟ್ಟ ನಾತ. ಹಕ್ಕಿಯನ್ನು ಇಡಿಯಾಗಿ ಸೇಬಿನ ಮರದ ಕೆಳಗೆ ಹೂಳಬೇಕಾಯಿತು. ಹಿಡಿಯಷ್ಟು ಮರಿಯಾಗಿದ್ದಾಗಿನಿಂದ ಅದಕ್ಕೆ ಕಾಳು ಹಾಕಿ ಸಾಕಿದ್ದ ಆ ಮನೆಯ ಅಜ್ಜಿ ಅಂದು ಯಾರೊಡನೆಯೂ ಮಾತನಾಡಲಿಲ್ಲವಂತೆ. ಕೊಂದ ಪ್ರಾಣಿ ವ್ಯರ್ಥವಾಯಿತಲ್ಲ ಎಂಬ ದುಃಖ ಕೊಂದ ದುಃಖಕ್ಕಿಂತ ದೊಡ್ಡದಾಗಿರಬೇಕು. “ನೀವು ಉಷ್ಣಶಾಸ್ತ್ರ ಪಾಠ ಹೇಳುವವರು. ತಪ್ಪಿದ್ದು ಎಲ್ಲಿ?” ಎಂದು ಸ್ನೇಹಿತರು ಕೇಳಿದ್ದರು.

ನಾನು ಮಾಂಸಾಹಾರಿಯಲ್ಲ. ಆದರೆ ಪ್ರಶ್ನೆ ಶುದ್ಧ ಭೌತಶಾಸ್ತ್ರದ್ದು.

ಮೊದಲು ಹಕ್ಕಿಯ ವಿಚಾರ. ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಅದರ ತೌರು ಅಮೆರಿಕ ಖಂಡ. ಯೂರೋಪಿಯನರು ಬರುವುದಕ್ಕೆ ಬಹಳ ಮೊದಲೇ ಮೆಕ್ಸಿಕೋದ ಜನ ಅದನ್ನು ಪಳಗಿಸಿದ್ದರು. ಫ್ರೆಂಚರು ಅದನ್ನು ಇಂಡಿಯದ ಹಕ್ಕಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಟರ್ಕಿಯವರ ಬಾಯಲ್ಲಿ ಅದರ ಹೆಸರು ‘ಹಿಂದಿ’! ನಮ್ಮ ದೇಶಕ್ಕೆ ಅದು ಬಂದದ್ದು ಸಮುದ್ರಮಾರ್ಗವಾಗಿ. 1612ರಲ್ಲಿ ಗೋವೆಯಿಂದ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ತರಲಾದ ಟರ್ಕಿಯನ್ನು ಚಿತ್ರಕಾರ ಮನ್ಸೂರನು ಬರೆದ ಸೊಗಸಾದ ಚಿತ್ರ ಇಂದಿಗೂ ಉಳಿದಿದೆ.

ಕಾಡು ಟರ್ಕಿ ಚೆನ್ನಾಗಿ ಹಾರಬಲ್ಲದು. ಇಂದು ಮಾಂಸಕ್ಕಾಗಿ ಸಾಕುವ ಅಗಲ ಎದೆಯ ಬಿಳಿ ತಳಿ ಹಾರಲಾರದು. ಎದೆಯ ಭಾರದಿಂದಾಗಿ ಸಹಜವಾಗಿ ಸಂತಾನ ಪಡೆಯುವುದೂ ಅದಕ್ಕೆ ಕಷ್ಟ, ಕೃತಕ ಗರ್ಭಧಾರಣೆಯೇ ಗತಿ. ಈ ದಪ್ಪ ಎದೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯ ತೊಡಕೆಲ್ಲ ಅಲ್ಲಿಯೇ ಇದೆ.

ಕೊಯ್ಯುವ ಹಿಂದಿನ ರಾತ್ರಿ ಹಕ್ಕಿಗೆ ಮೇವು ಕೊಡುವುದಿಲ್ಲ, ನೀರು ಮಾತ್ರ ಇಡುತ್ತಾರೆ. ಕರುಳು ಬರಿದಾಗಿದ್ದರೆ ಮರುದಿನ ಒಳಗಿನ ಹೊಲಸು ಮಾಂಸಕ್ಕೆ ತಾಕುವ ಭಯ ಕಡಮೆ. ಬೆಳಗ್ಗೆ ಹಕ್ಕಿಯನ್ನು ಗದ್ದಲವಿಲ್ಲದೆ ಹಿಡಿದು, ಗೋಡೆಗೆ ಜಡಿದ ತಗಡಿನ ದೊಡ್ಡ ಆಲಿಕೆಯೊಳಗೆ ತಲೆಕೆಳಗಾಗಿ ಇಳಿಸುತ್ತಾರೆ. ತಲೆ ಮತ್ತು ಕತ್ತು ಕೆಳಗಿನ ರಂಧ್ರದಿಂದ ಹೊರಬರುತ್ತವೆ. ಟರ್ಕಿಯ ರೆಕ್ಕೆಯ ಹೊಡೆತ ಸಾಮಾನ್ಯವಾದುದಲ್ಲ. ಆಲಿಕೆ ಅದನ್ನು ಅಪ್ಪಿ ಹಿಡಿಯುವುದರಿಂದ ಹಕ್ಕಿಯೂ ಶಾಂತವಾಗಿರುತ್ತದೆ, ಹಿಡಿದವರಿಗೂ ಪೆಟ್ಟಾಗುವುದಿಲ್ಲ. ಹರಿತವಾದ ಚಾಕುವಿನಿಂದ ದವಡೆಯ ಹಿಂದೆ ಕತ್ತಿನ ಎರಡು ಬದಿಯ ದೊಡ್ಡ ರಕ್ತನಾಳಗಳನ್ನು ಕೊಯ್ಯುತ್ತಾರೆ. ಮೊದಲು ತಲೆಗೆ ಒಂದೇ ಬಲವಾದ ಪೆಟ್ಟು ಕೊಟ್ಟು ಎಚ್ಚರ ತಪ್ಪಿಸುವವರೂ ಇದ್ದಾರೆ; ಅದೇ ಮೇಲೆಂದು ನನ್ನ ಅಭಿಪ್ರಾಯ. ಕೆಲವು ನಿಮಿಷಗಳಲ್ಲಿ ರಕ್ತ ಬಸಿದುಹೋಗುತ್ತದೆ. ಪ್ರಜ್ಞೆ ಹೋದ ಮೇಲೂ ರೆಕ್ಕೆ ಕಾಲುಗಳು ಬಡಿದಾಡುವುದುಂಟು. ಅದು ಬೆನ್ನುಹುರಿಯ ಪ್ರತಿವರ್ತನವೇ ಹೊರತು ನೋವಿನ ಗುರುತಲ್ಲ. ಆದರೂ ಮೊದಲ ಸಲ ನೋಡುವವರಿಗೆ ಈ ಸಮಾಧಾನ ಸಾಲದು ಎಂದು ಸ್ನೇಹಿತರು ಬರೆದಿದ್ದಾರೆ.

ಮುಂದಿನ ಕೆಲಸ ಪುಕ್ಕ ಕೀಳುವುದು. ಗರಿಯ ಬುಡವನ್ನು ಚರ್ಮದ ಗುಳಿಯಲ್ಲಿ ಪ್ರೋಟೀನುಗಳು ಬಿಗಿಹಿಡಿದಿರುತ್ತವೆ. 60 ಡಿಗ್ರಿ ದಾಟಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಆ ಹಿಡಿತ ಸಡಿಲವಾಗುತ್ತದೆ. ನೀರು 60ರಿಂದ 63 ಡಿಗ್ರಿಯಲ್ಲಿರಬೇಕು. ಅದಕ್ಕಿಂತ ತಣ್ಣಗಿದ್ದರೆ ಗರಿ ಜಗ್ಗುವುದಿಲ್ಲ. ಬಹಳ ಬಿಸಿಯಾದರೆ ಚರ್ಮವೇ ಬೆಂದು ಗರಿಯೊಡನೆ ಕಿತ್ತುಬರುತ್ತದೆ. ಎಂತಹ ಇಕ್ಕಟ್ಟಾದ ದಾರಿ ನೋಡಿ!

ಇಲ್ಲಿ ನೀರಿನ ಪ್ರಮಾಣ ಮುಖ್ಯ. 10 ಕಿಲೋಗ್ರಾಮಿನ ಹಕ್ಕಿಯೊಂದರ ಮೈ 41 ಡಿಗ್ರಿಯಲ್ಲಿದೆ ಎನ್ನೋಣ. ಅದರ ವಿಶಿಷ್ಟೋಷ್ಣ ಸುಮಾರು 0.8. (ಈಗಿನ ಪಠ್ಯಪುಸ್ತಕಗಳು ಜೌಲ್ ಬಳಸುತ್ತವೆ. ಬಾಯಿಲೆಕ್ಕಕ್ಕೆ ನನಗೆ ಹಳೆಯ ಕ್ಯಾಲೊರಿಯೇ ಹಿತ.) 63 ಡಿಗ್ರಿಯ 15 ಲೀಟರ್ ನೀರಿನಲ್ಲಿ ಅದನ್ನು ಮುಳುಗಿಸಿದರೆ, ಎರಡೂ ಸಮನಾಗುವ ವೇಳೆಗೆ ನೀರು 55 ಡಿಗ್ರಿಗೆ ಇಳಿದಿರುತ್ತದೆ. 60 ಲೀಟರಿನ ಹಂಡೆಯಲ್ಲಾದರೆ 60 ಡಿಗ್ರಿಗಿಂತ ಕೆಳಗಿಳಿಯದು. ಒಂದು ನಿಮಿಷದಲ್ಲಿ ಕಾಯುವುದು ಹೊರಪದರ ಮಾತ್ರವಾದ್ದರಿಂದ ನಿಜವಾದ ಇಳಿತ ಇದಕ್ಕೂ ಕಡಮೆ. ಆದರೂ ಬಕೆಟ್ಟಿನಲ್ಲಿ ಆಗದ ಕೆಲಸ ಹಂಡೆಯಲ್ಲಿ ಏಕೆ ಆಗುತ್ತದೆಂಬುದು ಸ್ಪಷ್ಟ. ಇನ್ನೊಂದು ಸ್ವಾರಸ್ಯವೂ ಇದೆ. ಪುಕ್ಕಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಮೇಲೆ ಎಣ್ಣೆಯ ಲೇಪವಿರುತ್ತದೆ. ನೀರಿನ ಮೇಲ್ಮೈ ಎಳೆತ ಅದನ್ನು ಒಳಹೋಗಲು ಬಿಡುವುದಿಲ್ಲ. ಆದಕಾರಣ ಹಂಡೆಗೆ ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ ಹಾಕಿ ಹಕ್ಕಿಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಸಾಬೂನು ಆ ಎಳೆತವನ್ನು ತಗ್ಗಿಸಿ ಬಿಸಿನೀರಿಗೆ ಚರ್ಮದವರೆಗೆ ದಾರಿ ಮಾಡಿಕೊಡುತ್ತದೆ.

ಅನಂತರ ಹೊಟ್ಟೆ ಸೀಳಿ ಒಳಗಿನ ಅಂಗಗಳನ್ನು ತೆಗೆಯುವುದು. ಕರುಳು ತೂತಾಗಬಾರದು, ಪಿತ್ತದ ಚೀಲ ಒಡೆಯಬಾರದು. ಕಾಳನ್ನು ಅರೆಯುವ ಗಟ್ಟಿ ಜಠರ ಇಲ್ಲಿ ಕೈಗೆ ಸಿಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಸ್ಪಲ್ಲಾನ್‌ಜಾನಿ ಎಂಬ ವಿಜ್ಞಾನಿ ಸೀಸದ ಗುಂಡಿಗೆ ಸೂಜಿಗಳನ್ನು ಚುಚ್ಚಿ ಟರ್ಕಿಗೆ ನುಂಗಿಸಿ ನೋಡಿದ. ಸೂಜಿಗಳು ಮುರಿದಿದ್ದವು, ಜಠರಕ್ಕೆ ಗಾಯವಾಗಿರಲಿಲ್ಲ. ಹಲ್ಲಿಲ್ಲದ ಹಕ್ಕಿಯ ಬೀಸುವ ಕಲ್ಲು ಅದು.

ಈಗ ಸ್ನೇಹಿತರ ಪ್ರಶ್ನೆಗೆ ಬರೋಣ. ಕೊಯ್ದ ಹಕ್ಕಿ ನಲವತ್ತು ಡಿಗ್ರಿಯ ಮಾಂಸದ ರಾಶಿ. ಸಾಲ್ಮೊನೆಲ್ಲ ಮೊದಲಾದ ಬ್ಯಾಕ್ಟೀರಿಯಗಳಿಗೆ ಪ್ರಿಯವಾದ ಉಷ್ಣತೆ ಇದೇ. ಅನುಕೂಲವಿದ್ದಾಗ ಅನೇಕ ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ನಾಲ್ಕು ಗಂಟೆಯಲ್ಲಿ ಹನ್ನೆರಡು ಇಮ್ಮಡಿ, ಅಂದರೆ ಒಂದು ಹೋಗಿ 4096. ಆದುದರಿಂದ ಮಾಂಸದ ನಡುಭಾಗವನ್ನು ಬೇಗನೆ 4 ಡಿಗ್ರಿಗೆ ಇಳಿಸಬೇಕು.

ಹೊರಗೆ ಚಳಿಯಿತ್ತು, ನಿಜ. ಆದರೆ ಚಳಿಗಾಳಿ ಬೇರೆ, ತಣ್ಣೀರು ಬೇರೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತನಾಲ್ಕು ಪಟ್ಟು ಉತ್ತಮ ಉಷ್ಣವಾಹಕ. ಒಂದು ಲೀಟರ್ ನೀರು ಒಂದು ಡಿಗ್ರಿ ಕಾಯಲು ಹೀರುವ ಉಷ್ಣ ಒಂದು ಲೀಟರ್ ಗಾಳಿ ಹೀರುವುದರ ಮೂರು ಸಾವಿರ ಪಟ್ಟಿಗೂ ಹೆಚ್ಚು. ಮೂರು ಡಿಗ್ರಿಯ ಗಾಳಿಯಲ್ಲಿ ನಾವು ಕಂಬಳಿ ಹೊದ್ದು ನಿಲ್ಲಬಲ್ಲೆವು. ಮೂರು ಡಿಗ್ರಿಯ ನೀರಿಗೆ ಇಳಿದರೆ ಪ್ರಾಣಕ್ಕೇ ಅಪಾಯ. ಕೊಟ್ಟಿಗೆಯ ನಿಶ್ಚಲವಾದ ಗಾಳಿ ಹಕ್ಕಿಯ ಮೈಯಿಂದ ಉಷ್ಣವನ್ನು ಬಹು ನಿಧಾನವಾಗಿ ಒಯ್ಯಿತು.

ಅದಕ್ಕಿಂತ ದೊಡ್ಡ ಅಡಚಣೆ ಮಾಂಸದೊಳಗೇ ಇದೆ. ದಪ್ಪವಾದ ವಸ್ತು ತಣಿಯುವ ಕಾಲ ಅದರ ದಪ್ಪಕ್ಕೆ ಅನುಗುಣವಾಗಿ ಅಲ್ಲ, ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಮಾಂಸಕ್ಕೆ ಒಂದು ಸ್ಥೂಲ ಸೂತ್ರ ಹೀಗಿದೆ: ಎರಡೂ ಕಡೆಯಿಂದ ತಣಿಯುವುದಾದರೆ ದಪ್ಪದ ಅರ್ಧವನ್ನು ಮಿಲಿಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.13ರಿಂದ ಭಾಗಿಸಿ. ಬಂದ ಉತ್ತರ ಸೆಕೆಂಡುಗಳಲ್ಲಿ. ಅಷ್ಟು ಹೊತ್ತು ಕರಗುವ ಮಂಜುಗಡ್ಡೆಯ ನೀರಿನಲ್ಲಿಟ್ಟರೆ ನಡುಭಾಗ 40 ಡಿಗ್ರಿಯಿಂದ 4 ಡಿಗ್ರಿಯ ಹತ್ತಿರ ಬರುತ್ತದೆ. ಸಾಧಾರಣ ಕೋಳಿಯ ಎದೆ 3 ಸೆಂಟಿಮೀಟರ್ ದಪ್ಪವೆನ್ನಿ. ಅರ್ಧ ಗಂಟೆ ಸಾಕು. ದೊಡ್ಡ ಟರ್ಕಿಯ ಎದೆ 8 ಸೆಂಟಿಮೀಟರ್. ಬೇಕಾದುದು ಸುಮಾರು ಮೂರೂವರೆ ಗಂಟೆ. ದಪ್ಪ ಮೂರು ಪಟ್ಟೂ ಆಗಿಲ್ಲ, ಕಾಲ ಏಳು ಪಟ್ಟು!

ಹೊಟ್ಟೆ ಸೀಳದಿದ್ದರೆ ಏನಾಗುತ್ತದೆ? ಕರುಳುಗಳು ಒಳಗಡೆ ಬಿಸಿನೀರಿನ ಚೀಲದಂತೆ ಕುಳಿತಿರುತ್ತವೆ. ಎದೆಯ ಮಾಂಸ ಹೊರಗಡೆಯಿಂದ ಮಾತ್ರ ತಣಿಯಬೇಕು. ಆಗ ಅರ್ಧ ದಪ್ಪದ ಬದಲು ಪೂರ್ತಿ 80 ಮಿಲಿಮೀಟರನ್ನೇ ಸೂತ್ರಕ್ಕೆ ಹಾಕಬೇಕಾಗುತ್ತದೆ. ಕಾಲ ನಾಲ್ಕು ಪಟ್ಟು, ಎಂದರೆ ಹದಿಮೂರೂವರೆ ಗಂಟೆಗೂ ಮೇಲೆ. ಅದೂ ಮಂಜುಗಡ್ಡೆಯ ನೀರಿನಲ್ಲಿಟ್ಟರೆ! ಗಾಳಿಯಲ್ಲಾದರೆ ಇನ್ನೂ ಹೆಚ್ಚು. ಬ್ಯಾಕ್ಟೀರಿಯಗಳ ತವರಾದ ಕರುಳೇ ರಾತ್ರಿಯೆಲ್ಲ ಬೆಚ್ಚಗಿತ್ತು. ಆ ದಂಪತಿಗಳು ಮುಟ್ಟಿ ನೋಡಿದ್ದು ಚರ್ಮವನ್ನು, ಕೆಟ್ಟದ್ದು ಒಳಗೆ.

ಈ ವರ್ಗನಿಯಮದ ನೆರಳು ಕಾನೂನಿನಲ್ಲಿಯೂ ಕಾಣುತ್ತದೆ. ಅಮೆರಿಕದ ಕೋಳಿಮಾಂಸದ ಕಾರ್ಖಾನೆಗಳಿಗೆ 2014ರವರೆಗೆ ಇದ್ದ ನಿಯಮದಂತೆ 4 ಪೌಂಡಿಗಿಂತ ಚಿಕ್ಕ ಹಕ್ಕಿಯನ್ನು ನಾಲ್ಕು ಗಂಟೆಯಲ್ಲಿ, 8 ಪೌಂಡಿನವರೆಗೆ ಆರು ಗಂಟೆಯಲ್ಲಿ, ಅದಕ್ಕೂ ದೊಡ್ಡದನ್ನು ಎಂಟು ಗಂಟೆಯಲ್ಲಿ ತಣಿಸಬೇಕಿತ್ತು.

ಹಾಗಾದರೆ ಮಂಜುಗಡ್ಡೆ ಎಷ್ಟು ಬೇಕು? ಸ್ವಚ್ಛಗೊಳಿಸಿದ 12 ಕಿಲೋಗ್ರಾಮಿನ ಹಕ್ಕಿ 36 ಡಿಗ್ರಿ ಇಳಿಯಬೇಕಾದರೆ 12 × 0.8 × 36, ಎಂದರೆ ಸುಮಾರು 346 ಕಿಲೋಕ್ಯಾಲೊರಿ ಉಷ್ಣ ಬಿಡಬೇಕು. ಮಂಜುಗಡ್ಡೆಯ ಗುಪ್ತೋಷ್ಣ ಕಿಲೋಗ್ರಾಮಿಗೆ 80 ಕಿಲೋಕ್ಯಾಲೊರಿ, 4.3 ಕಿಲೋಗ್ರಾಮ್ ಕರಗುತ್ತದೆ. ತೊಟ್ಟಿಯ 20 ಲೀಟರ್ ನೀರನ್ನು 14ರಿಂದ 4 ಡಿಗ್ರಿಗೆ ತರಲು ಇನ್ನು 2.5. ಒಟ್ಟು ಹಕ್ಕಿಯೊಂದಕ್ಕೆ ಏಳು ಕಿಲೋಗ್ರಾಮ್. ಸೋರಿಬರುವ ಉಷ್ಣಕ್ಕೆಂದು ಹತ್ತು ಇಟ್ಟುಕೊಳ್ಳುವುದು ಕ್ಷೇಮ. ಸ್ವಲ್ಪ ಮಂಜುಗಡ್ಡೆಯನ್ನು ಹಕ್ಕಿಯ ಬರಿದಾದ ಹೊಟ್ಟೆಯೊಳಗೂ ತುಂಬಬೇಕು.

ತಣಿದ ಕೂಡಲೇ ಹೆಪ್ಪುಗಟ್ಟಿಸಬಾರದು. ಸತ್ತ ಸ್ನಾಯುವಿನಲ್ಲಿ ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಮುಗಿದಂತೆ ಎಳೆಗಳು ಪರಸ್ಪರ ಬಿಗಿದುಕೊಂಡು ಮರಗಟ್ಟುತ್ತವೆ. ಒಂದೆರಡು ದಿನ ಶೀತಪೆಟ್ಟಿಗೆಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತವೆ. ಹೆಪ್ಪುಗಟ್ಟಿದ ಹಕ್ಕಿಯನ್ನು ಕರಗಿಸುವುದೂ ತಾಳ್ಮೆಯ ಕೆಲಸ. ಮಂಜುಗಡ್ಡೆ ನೀರಿಗಿಂತ ಸುಮಾರು ನಾಲ್ಕು ಪಟ್ಟು ಉತ್ತಮ ಉಷ್ಣವಾಹಕ. ಕರಗಿದ ಹೊರಪದರವೇ ಒಳಗಿನ ಹೆಪ್ಪಿಗೆ ಹೊದಿಕೆಯಾಗುತ್ತದೆ. ಶೀತಪೆಟ್ಟಿಗೆಯಲ್ಲಿ ಎರಡು ಕಿಲೋಗ್ರಾಮಿಗೆ ಒಂದು ದಿನವೆಂದು ಲೆಕ್ಕ.

ಇಷ್ಟನ್ನೂ ಬರೆದು ಕಳುಹಿಸಿದ್ದೆ. ಮರುವರ್ಷದ ಹಬ್ಬ ಕಳೆದ ಮೇಲೆ ಉತ್ತರ ಬಂದಿತು. ಈ ಸಲ ಆ ದಂಪತಿಗಳು ವಾರದ ಮೊದಲೇ ಡಬ್ಬಗಳಲ್ಲಿ ನೀರು ಹೆಪ್ಪುಗಟ್ಟಿಸಿಟ್ಟಿದ್ದರಂತೆ. ದೊಡ್ಡ ಹುಂಜವನ್ನೇ ಮೊದಲು, ಬೆಳಗ್ಗೆ ಎಂಟಕ್ಕೆ ಕೊಯ್ದು, ಒಂಬತ್ತೂವರೆಗೆ ಮಂಜುಗಡ್ಡೆಯ ನೀರಿಗೆ ಇಳಿಸಿದರು. ಎದೆಯ ದಪ್ಪ ಭಾಗಕ್ಕೆ ಉಷ್ಣಮಾಪಕ ಚುಚ್ಚಿ ನೋಡುವ ಕೆಲಸ ಅಜ್ಜಿಯದು. ಮಧ್ಯಾಹ್ನ ಎರಡಕ್ಕೆ ಅದು 4 ಡಿಗ್ರಿ ತೋರಿಸಿತು. ನನ್ನ ಲೆಕ್ಕದ ಪ್ರಕಾರ ಒಂದಕ್ಕೇ ತೋರಿಸಬೇಕಿತ್ತು. ಚರ್ಮದಡಿಯ ಕೊಬ್ಬಿನ ಪದರವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದು ಮರುಕಾಗದ ಬರೆದಿದ್ದೇನೆ.