ಯಂತ್ರಛತ್ರದಲ್ಲಿ ಯಾವ ಭಾಷೆಗೆ ಎಲೆ?

ಪರರ ಕಂಪ್ಯೂಟರನ್ನು ಬಾಡಿಗೆಗೆ ಪಡೆದು, ದೂರದಿಂದಲೇ ತಮ್ಮ ಪ್ರೋಗ್ರಾಮುಗಳನ್ನು ಅದರಲ್ಲಿ ನಡೆಸುವ ಏರ್ಪಾಡಿಗೆ ‘ಕ್ಲೌಡ್’ ಎಂದು ಹೆಸರು. ಅದನ್ನೊಂದು ಛತ್ರವೆಂದೇ ವಾಚಕರು ಭಾವಿಸಬಹುದು. ಪ್ರೋಗ್ರಾಮುಗಳನ್ನು ಬರೆಯುವ ಭಾಷೆಗಳೋ ಹಲವು. ಛತ್ರದ ಯಜಮಾನನು ಯಾವ ಯಾವ ಭಾಷೆಗೆ ಎಡೆಗೊಡಬೇಕು?

2008ರಲ್ಲಿ ಗೂಗಲ್ ಸಂಸ್ಥೆಯು ‘ಆ್ಯಪ್ ಎಂಜಿನ್’ ತೆರೆದಾಗ ಪೈಥಾನ್ ಒಂದಕ್ಕೇ ಪ್ರವೇಶವಿದ್ದಿತು. ಜಾವಾ ಬಲ್ಲವರು ಮರುವರ್ಷದವರೆಗೆ, ಪಿಎಚ್‌ಪಿ ಬಲ್ಲವರು 2013ರವರೆಗೆ ಹೊರಗೇ ಕಾಯಬೇಕಾಯಿತು. ರೂಬಿಯೊಂದನ್ನೇ ನೆಚ್ಚಿ ಹೊರಟ ಹೆರೋಕು ಸಂಸ್ಥೆಯೂ 2011ರಲ್ಲಿ ಜಾವಾ, ಪೈಥಾನ್ ಮೊದಲಾದವಕ್ಕೆ ಬಾಗಿಲು ತೆರೆಯಿತು.

ಹಾಗಾದರೆ ಎಲ್ಲ ಭಾಷೆಗಳನ್ನೂ ಕರೆಯಬಾರದೇಕೆ? ಕರೆಯುವುದು ಸುಲಭ, ಸಾಕುವುದು ಕಷ್ಟ. ಪ್ರತಿಯೊಂದು ಭಾಷೆಗೂ ಹೊಸ ಆವೃತ್ತಿಗಳು ಬರುತ್ತವೆ. ಕಳ್ಳರು ನುಸುಳಬಲ್ಲ ಬಿರುಕುಗಳು ಕಾಣುತ್ತವೆ. ಅವನ್ನು ಮುಚ್ಚುತ್ತಿರುವ ಹೊಣೆ ಯಜಮಾನನದು. ಭಾಷೆಗೂ ಮುಪ್ಪುಂಟು. ಪೈಥಾನಿನ ಎರಡನೆಯ ಆವೃತ್ತಿಯ ಪೋಷಣೆ 2020ರ ಜನವರಿ 1ಕ್ಕೆ ನಿಂತಾಗ, ಅದನ್ನೇ ನಂಬಿದ್ದವರು ಚೆನ್ನಾಗಿ ನಡೆಯುತ್ತಿದ್ದ ಪ್ರೋಗ್ರಾಮುಗಳನ್ನೂ ತಿದ್ದಿ ಬರೆಯಬೇಕಾಯಿತು.

2013ರಲ್ಲಿ ಬಂದ ‘ಡಾಕರ್’ ಇನ್ನೊಂದು ದಾರಿಯನ್ನು ಸುಗಮಗೊಳಿಸಿತು. ಪ್ರೋಗ್ರಾಮು, ಅದರ ಭಾಷೆಗೆ ಬೇಕಾದ ಸಮಸ್ತ ಸಲಕರಣೆ, ಎಲ್ಲವನ್ನೂ ಅತಿಥಿಯೇ ಒಂದು ‘ಕಂಟೇನರ್’ನಲ್ಲಿ ಗಂಟುಕಟ್ಟಿ ತರಬಹುದು. ಆದರೆ ಗಂಟಿನೊಳಗಿನದು ಹಳಸದಂತೆ ನೋಡಿಕೊಳ್ಳುವ ಹೊಣೆಯೂ ಆಗ ಅವನದೇ.

ಆದುದರಿಂದ ವಿವೇಕಿಯಾದ ಯಜಮಾನನು, ತಾನು ಕೊನೆಯವರೆಗೆ ಸಲಹಬಲ್ಲ ಕೆಲವೇ ಭಾಷೆಗಳಿಗೆ ಪಂಕ್ತಿಯಲ್ಲಿ ಎಲೆ ಹಾಕಲಿ; ಉಳಿದವರಿಗೆ ಸ್ವಯಂಪಾಕಕ್ಕೆ ಸ್ಥಳ ಕೊಡಲಿ. ಎಲ್ಲರಿಗೂ ಎಲೆ ಹಾಕಲಾಗದಿದ್ದರೆ ತಪ್ಪಲ್ಲ. ಎಲೆಯ ಮುಂದೆ ಕುಳಿತವರನ್ನು ಊಟದ ನಡುವೆ ಎಬ್ಬಿಸುವುದು ಮಾತ್ರ ಸಲ್ಲದು.